ಬೈರಾಸಿನ ಲೆಕ್ಕ

ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು. ಅಲ್ಲೇ ಹತ್ತಿರ ಹುಟ್ಟಿ ಬೆಳೆದ ನನಗೆ ಮೂವತ್ತೈದು ದಾಟುವವರೆಗೂ ಈಜು ಬರುತ್ತಿರಲಿಲ್ಲ. ಹೆಣ್ಣುಮಕ್ಕಳು ಹೊಳೆಗಿಳಿಯುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ, ಅಷ್ಟೆ. ಬೇಸಗೆ ರಜೆಯಲ್ಲಿ ಮಾವ ಊರಿನ ಹುಡುಗರಿಗೆಲ್ಲ ಈಜು ಕಲಿಸುವಾಗ ನನ್ನ ಪಾಲಿಗೆ ಬರುತ್ತಿದ್ದದ್ದು ದಡದ ಕೆಲಸ: ಮೈ ಒರೆಸುವ ಬೈರಾಸು ಕಾಯುವುದು.

ಮಾವನ ಈಜುಶಾಲೆಗೆ ಬೇಕಾದ ಸಾಮಾನು ಎರಡು ಒಣ ತೆಂಗಿನಕಾಯಿ. ಒಂದೊಂದರಿಂದಲೂ ಸಿಪ್ಪೆಯ ಒಂದು ಪಟ್ಟಿಯನ್ನು ಅರ್ಧ ಸೀಳಿ, ಎರಡು ಪಟ್ಟಿಗಳನ್ನು ಸೇರಿಸಿ ಗಂಟು ಹಾಕಿದರೆ ಜೋಡಿಕಾಯಿ ಸಿದ್ಧ. ಅದನ್ನು ಎದೆಯಡಿ ಕೊಟ್ಟು ಹುಡುಗನನ್ನು ನೀರಿಗೆ ಬಿಡುವುದು. ಮಾವನದು ಎರಡೇ ಕಟ್ಟಳೆ. ಇಳಿತದ ಹೊತ್ತಿಗೆ ಯಾರೂ ಹೊಳೆಗಿಳಿಯುವಂತಿಲ್ಲ, ಆಗ ನೀರು ಕಡಲಿನ ಕಡೆ ಎಳೆಯುತ್ತದೆ. ಎರಡನೆಯದು ಬೈರಾಸಿನ ಕಟ್ಟಳೆ. ನೀರಿಗಿಳಿಯುವ ಮೊದಲು ಪ್ರತಿಯೊಬ್ಬನೂ ತನ್ನ ಬೈರಾಸನ್ನು ಕಲ್ಲಿನ ಮೇಲೆ ಸಾಲಾಗಿ ಇಡಬೇಕು, ಮೇಲೆ ಬಂದವನು ತನ್ನದನ್ನೇ ಎತ್ತಿಕೊಳ್ಳಬೇಕು. ಇನ್ನೊಬ್ಬನದ್ದರಲ್ಲಿ ತಲೆ ಒರೆಸಿಕೊಂಡವನ ಬೆನ್ನಿಗೆ ಬೀಳುತ್ತಿತ್ತು. ಯಾಕೆ ಇಷ್ಟು ರಂಪ ಎಂದು ಆಗ ತಿಳಿಯುತ್ತಿರಲಿಲ್ಲ. ಕಲ್ಲಿನ ಮೇಲೆ ಬೈರಾಸು ಉಳಿದಿದ್ದರೆ ಹೊಳೆಯಲ್ಲಿ ಹುಡುಗ ಉಳಿದಿದ್ದಾನೆ ಎಂದರ್ಥ. ನಡುನಡುವೆ ಮಾವ ನೀರಿನಿಂದಲೇ ಕೂಗುತ್ತಿದ್ದ: "ಎಷ್ಟ್ ಬೈರಾಸ್ ಇತ್ತ್ ಕಾಣ್ ಹೆಣೆ!" ನಾನು ಎಣಿಸಿ ಹೇಳುತ್ತಿದ್ದೆ. ಅವನು ತಲೆಗಳನ್ನು ಎಣಿಸುತ್ತಿದ್ದ. ಎರಡೂ ಹೊಂದಿದರೆ ಪಾಠ ಮುಂದುವರಿಯುತ್ತಿತ್ತು.

ಮದುವೆಯಾಗಿ ಮೊದಲು ಅಬುಧಾಬಿಯ ಮುಸಫ್ಫಾ, ಆಮೇಲೆ ದುಬೈಯ ಅಲ್ ನಹ್ದಾ. ಇಲ್ಲಿ ಹೊಳೆಯಿಲ್ಲ, ಆದರೆ ಕಟ್ಟಡ ಕಟ್ಟಡಕ್ಕೂ ಈಜುಕೊಳ. ಮಗಳಿಗೆ ಆರಾದಾಗ ಈಜು ಪಾಠಕ್ಕೆ ಹಾಕಿದೆವು. ಮಾವನ ಲೆಕ್ಕ ನನಗೆ ಮರೆತೇ ಹೋಗಿತ್ತು.

2022ರ ಅಕ್ಟೋಬರ್, ಒಂದು ಶನಿವಾರದ ಸಂಜೆ. ಎಲ್ಲಿ, ಯಾರ ತರಗತಿ ಎಂಬುದು ಬೇಡ. ಅಂದಿನ ತಪ್ಪಿನಲ್ಲಿ ನನ್ನ ಪಾಲೂ ಸಣ್ಣದಲ್ಲ. ಐದು ಮಕ್ಕಳು, ಒಬ್ಬ ಕೋಚ್. ಸರದಿ ಬಂದ ಮಗುವಿನ ಹೊಟ್ಟೆಗೆ ಕೈಕೊಟ್ಟು ಕೋಚ್ ಆಚೆ ದಡದವರೆಗೆ ಕಾಲು ಬಡಿಸುತ್ತಾ ಹೋಗುವುದು, ಉಳಿದ ನಾಲ್ವರು ಗೋಡೆಯ ಅಂಚು ಹಿಡಿದು ಕಾಯುವುದು. ಗೋಡೆಯ ಮೇಲೆ 1.2 ಮೀಟರ್ ಎಂದು ಬರೆದಿತ್ತು. ಕಡಿಮೆ ಆಳ, ಪರವಾಗಿಲ್ಲ ಅಂದುಕೊಂಡಿದ್ದೆ. ಮಗಳ ಎತ್ತರ 1.13 ಮೀಟರ್. ಈ ಕಳೆಯುವ ಲೆಕ್ಕವನ್ನು ನಾನು ಮಾಡಿದ್ದು ಆ ರಾತ್ರಿ, ಮನೆಯಲ್ಲಿ, ಬಾಗಿಲಿನ ಚೌಕಟ್ಟಿಗೆ ಅವಳನ್ನು ನಿಲ್ಲಿಸಿ ಟೇಪು ಹಿಡಿದಾಗ.

ನಾನು ಬೆಂಚಿನ ಮೇಲೆ ಕೂತು ಫೋನಿನಲ್ಲಿ ಊರಿನ ಗ್ರೂಪಿಗೆ ಅವಳದೇ ವಿಡಿಯೊ ಕಳಿಸುತ್ತಿದ್ದೆ. ತಲೆ ಎತ್ತಿಸಿದ್ದು ಒಂದು ಚಪ್ಪಾಳೆ. ಪಕ್ಕದಲ್ಲಿ ಕೂತಿದ್ದ, ಬೇರೆ ಯಾರದೋ ಮಗುವಿನ ಆಯಾ, ಇಥಿಯೋಪಿಯಾದ ಹೆಂಗಸು, ಎದ್ದು ನಿಂತು ಕೈ ತಟ್ಟಿ ನೀರಿನ ಕಡೆ ತೋರಿಸುತ್ತಿದ್ದಳು. ಮಗಳು ಗೋಡೆಯಿಂದ ಒಂದು ಮಾರು ದೂರದಲ್ಲಿದ್ದಳು. ಕೂಗುತ್ತಿರಲಿಲ್ಲ, ನೀರು ಎರಚುತ್ತಿರಲಿಲ್ಲ. ಮುಖ ಆಕಾಶಕ್ಕೆ, ಬಾಯಿ ನೀರಿನ ಮಟ್ಟಕ್ಕೆ, ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿದ್ದಳು. ನೋಡಿದವರಿಗೆ ಆಟ ಆಡುತ್ತಿದ್ದಾಳೆ ಅನ್ನಿಸಬೇಕು. ಕೋಚ್ ಐದಾರು ಮೀಟರ್ ದೂರದಲ್ಲಿ, ಬೆನ್ನು ಈಚೆಗೆ, ಇನ್ನೊಬ್ಬ ಹುಡುಗನ ಕಾಲು ತಿದ್ದುತ್ತಿದ್ದ. ಆಯಾ ಕೈ ತಟ್ಟುತ್ತಿದ್ದಂತೆ ಲೈಫ್‌ಗಾರ್ಡ್ ಹಾರಿದ. ಮಗಳು ಮೇಲೆ ಬಂದು ಕೆಮ್ಮಿದಳು, ವಾಂತಿ ಮಾಡಿದಳು, ಆಮೇಲೆ ಅತ್ತಳು. ಒಟ್ಟು ಅರ್ಧ ನಿಮಿಷವೂ ಇರಲಿಲ್ಲ.

ಆಮೇಲೆ ಓದಿ ತಿಳಿದದ್ದು: ಮುಳುಗುವುದು ಹೀಗೆ ಸದ್ದಿಲ್ಲದೆಯೇ ಅಂತೆ. ನ್ಯೂಯಾರ್ಕಿನ ಆರ್ಚರ್ಡ್ ಬೀಚಿನಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ ಎಂಬವರು ಮುಳುಗುತ್ತಿರುವವರನ್ನು, ಅವರನ್ನು ಕಾಪಾಡುವುದನ್ನು ಸಿನಿಮಾ ಕ್ಯಾಮೆರಾದಲ್ಲಿ ಹಿಡಿದು ಅಭ್ಯಾಸ ಮಾಡಿದವರು. ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ "ಕಾಪಾಡಿ" ಎನ್ನುವುದು ಮುಳುಗುವವರಿಂದ ಆಗುವುದಿಲ್ಲ ಎಂದು ಅವರು ತೋರಿಸಿಕೊಟ್ಟರು. ಮಾತು ಹೊರಡಲು ಉಸಿರು ಬೇಕು. ಬಾಯಿ ನೀರಿನ ಮೇಲೆ ಇರುವುದೇ ಒಂದೊಂದು ಕ್ಷಣ, ಅಷ್ಟರಲ್ಲಿ ಒಂದು ಉಸಿರು ಎಳೆದುಕೊಂಡರೆ ಹೆಚ್ಚು. ಕೈಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತವೆ, ಬೀಸಲು ಬರುವುದಿಲ್ಲ. ಹೀಗೆ ನೀರಿನ ಮಟ್ಟದಲ್ಲಿ ಒದ್ದಾಡಲು ಸಿಗುವ ಹೊತ್ತು 20ರಿಂದ 60 ಸೆಕೆಂಡು. ಮಕ್ಕಳಿಗೆ ಅದರಲ್ಲೂ ಕಡಿಮೆ. ಗಲಾಟೆ ಮಾಡುವ ಮಗುವಿಗೆ ಉಸಿರು ಇದೆ ಎಂದು ಈಗ ನನಗೆ ಸಮಾಧಾನ. ಗಲಾಟೆ ನಿಂತರೆ ಎದ್ದು ನಿಲ್ಲುತ್ತೇನೆ.

ಅಂದು ನನಗೆ ಹೊಳೆದದ್ದು ಇನ್ನೊಂದು ವಿಷಯ. ಕೋಚ್ ಸೋಮಾರಿಯಲ್ಲ, ತನ್ನ ಕೆಲಸವನ್ನು ಮನಸ್ಸಿಟ್ಟು ಮಾಡುತ್ತಿದ್ದ. ಮನಸ್ಸಿಟ್ಟು ಮಾಡುತ್ತಿದ್ದುದರಿಂದಲೇ ಉಳಿದ ನಾಲ್ವರು ಅವನಿಗೆ ಕಾಣಲಿಲ್ಲ. ಕಲಿಸುವ ಕಣ್ಣು ಒಂದು ಮಗುವಿನ ಮೊಣಕಾಲು, ಹಿಮ್ಮಡಿ ನೋಡುತ್ತದೆ. ಕಾಯುವ ಕಣ್ಣು ಯಾವುದನ್ನೂ ದಿಟ್ಟಿಸದೆ ಎಲ್ಲವನ್ನೂ ಸವರುತ್ತಾ ಹೋಗಬೇಕು. ಒಬ್ಬನೇ ಎರಡನ್ನೂ ಮಾಡಲಾರ. ಈಜು ಪಾಠದಲ್ಲಿ ಅಪಾಯ ಇರುವುದು ಕೋಚ್ ಕೈಯಲ್ಲಿರುವ ಮಗುವಿಗಲ್ಲ, ಸರದಿಗೆ ಕಾಯುವ ಮಗುವಿಗೆ. ಆಮೇಲೆ, ಪಾಠ ಮುಗಿದ ಆ ಐದು ನಿಮಿಷ: ಕೋಚ್ ಮುಂದಿನ ತಂಡದ ಹೆಸರು ಕರೆಯುತ್ತಿರುತ್ತಾನೆ, ಅಮ್ಮಂದಿರು ಶುಲ್ಕದ ಮಾತಾಡುತ್ತಿರುತ್ತಾರೆ, ಮಕ್ಕಳು "ಒಂದೇ ಒಂದು ಸಲ" ಎಂದು ಮತ್ತೆ ಹಾರುತ್ತಾರೆ.

ಲೈಫ್‌ಗಾರ್ಡ್ ಇದ್ದಾನಲ್ಲ ಎನ್ನಬಹುದು. ನಮ್ಮ ದೇಶದಿಂದ ಬಂದ ನಾವು ಲೈಫ್‌ಗಾರ್ಡನನ್ನು ಹೇಗೆ ಬಳಸುತ್ತೇವೆಂದು ನಾನು ನೋಡಿದ್ದೇನೆ. ಟವೆಲ್ ತಂದುಕೊಡು, ಕುರ್ಚಿ ನೆರಳಿಗೆ ಸರಿಸು, ಮಗು ನೋಡ್ಕೊಂಡಿರು ಐದು ನಿಮಿಷ. ಕಟ್ಟಡದ ಕಾವಲುಗಾರ ನಾತೂರ್‌ಗೆ ಹೇಳುವ ಕೆಲಸವನ್ನೆಲ್ಲ ಅವನಿಗೆ ಹೇಳುತ್ತೇವೆ. ಅವನು ಬೆನ್ನು ತಿರುಗಿಸಿದ ಹೊತ್ತಿಗೆ ಯಾರ ಮಗು ಎಲ್ಲಿರುತ್ತದೆ?

ಯಜಮಾನರು ಪಾಠವೇ ಬೇಡ ಅಂದರು. ನಾನು ಒಪ್ಪಲಿಲ್ಲ. ಬೆಂಗಳೂರಿನ ನಿಶಾ ಮಿಲೆಟ್ ಐದು ವರ್ಷದವರಿದ್ದಾಗ ಮುಳುಗಿ ಬದುಕಿದವರು. ಆ ಹೆದರಿಕೆ ಬಿಡಿಸಲೆಂದೇ ತಂದೆ ಅವರನ್ನು ಈಜಿಗೆ ಸೇರಿಸಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅವರು ಭಾರತದ ಪರ ಈಜಿದರು. ನನ್ನ ಮಗಳು ಒಲಿಂಪಿಕ್ಸ್‌ಗೆ ಹೋಗುವುದು ಬೇಕಿಲ್ಲ, ಬಚ್ಚಲ ಬಕೆಟ್ಟಿಗೂ ಹೆದರುವವಳಾಗಬಾರದು ಅಷ್ಟೆ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 1ರಿಂದ 4 ವರ್ಷದ ಮಕ್ಕಳಲ್ಲಿ ಕ್ರಮವಾಗಿ ಈಜು ಕಲಿತವರಿಗೆ ಮುಳುಗುವ ಅಪಾಯ ಶೇ. 88ರಷ್ಟು ಕಡಿಮೆ ಕಂಡುಬಂದಿತ್ತು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಒಂದು ವರ್ಷ ತುಂಬಿದ ಮೇಲೆ ಪಾಠ ಶುರು ಮಾಡಬಹುದು ಎನ್ನುತ್ತದೆ, ಆದರೆ ಜೊತೆಗೇ ಇನ್ನೊಂದು ಮಾತು ಹೇಳುತ್ತದೆ: ಈಜು ಇನ್ನೂ ಗಟ್ಟಿಯಾಗಿ ಬಾರದ ಮಗು ನೀರಿನಲ್ಲಿದ್ದಾಗ ದೊಡ್ಡವರು ಕೈಗೆಟುಕುವ ದೂರದಲ್ಲೇ ಇರಬೇಕು. ಬೆಂಚಿನಿಂದ ಕಣ್ಣಿಗೆ ಕಂಡರೆ ಸಾಲದು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ, ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಇಷ್ಟು ದೊಡ್ಡ ಸಂಖ್ಯೆ ಕೇಳಿದರೆ ನನಗೆ ಏನೂ ಅನ್ನಿಸುವುದಿಲ್ಲ. ಒಬ್ಬರ ಕಥೆ ಮಾತ್ರ ಕಾಡುತ್ತದೆ, ಅದು ಇದೇ ದೇಶದಲ್ಲಿ ನಡೆದದ್ದು.

2010ರ ಅಕ್ಟೋಬರ್ 23, ಫುಜೈರಾ. ತೆರೆದ ಕಡಲಿನಲ್ಲಿ 10 ಕಿ.ಮೀ. ಈಜುವ ವಿಶ್ವಕಪ್ ಸ್ಪರ್ಧೆ. ಅಮೆರಿಕದ ಫ್ರಾನ್ ಕ್ರಿಪ್ಪೆನ್, 26 ವರ್ಷ, ಆ ದೂರದಲ್ಲಿ ಜಗತ್ತಿನ ಮುಂಚೂಣಿಯ ಈಜುಗಾರರಲ್ಲಿ ಒಬ್ಬ. ನೀರು ಬಹಳ ಬಿಸಿಯಿತ್ತು. ಸ್ಪರ್ಧೆ ಮುಗಿಯಿತು, ಉಳಿದವರು ದಡ ಸೇರಿದರು. ಫ್ರಾನ್ ಎಲ್ಲಿ ಎಂದು ಹುಡುಕಿದ್ದು ಜೊತೆಗೆ ಈಜಿದವರು. ಗೆಳೆಯ ಅಲೆಕ್ಸ್ ಮೇಯರ್ ಗಾಬರಿಯಿಂದ ವಿಚಾರಿಸಿದ ಮೇಲೆ ಹುಡುಕಾಟ ಜೋರಾಯಿತು. ದೇಹ ಸಿಕ್ಕಿದ್ದು ಸುಮಾರು ಎರಡು ಗಂಟೆಯ ನಂತರ. ಆಮೇಲೆ ತೆರೆದ ನೀರಿನ ಸ್ಪರ್ಧೆಗೆ 31 ಡಿಗ್ರಿಯ ಮಿತಿ ಬಂತು. ಈಜು ಬರುತ್ತದೆ ಎಂಬುದೇ ರಕ್ಷಣೆಯಾಗಿದ್ದರೆ ಆ ದಿನ ಅವನಷ್ಟು ಕ್ಷೇಮವಾಗಿ ಯಾರೂ ಇರಬೇಕಿರಲಿಲ್ಲ. ಓದಿ ಮುಗಿಸಿದಾಗ ನನಗೆ ನೆನಪಾದದ್ದು ಮಾವನ ಕಲ್ಲು, ಅದರ ಮೇಲಿನ ಒಂಟಿ ಬೈರಾಸು.

ಮಾವನಿಗೆ ಗೊತ್ತಿರಲಿಕ್ಕಿಲ್ಲ, ಅಮೆರಿಕದ ಸ್ಕೌಟ್ಸ್‌ನವರು ಅವನ ಉಪಾಯವನ್ನೇ ಬೇರೆ ರೂಪದಲ್ಲಿ ಬಳಸುತ್ತಾರೆ. ಶಿಬಿರದಲ್ಲಿ ನೀರಿಗಿಳಿಯುವ ಹುಡುಗ ತನ್ನ ಹೆಸರಿನ ಬಿಲ್ಲೆಯನ್ನು ಹಲಗೆಗೆ ತೂಗುಹಾಕಬೇಕು, ಹೊರಬಂದವನು ತೆಗೆಯಬೇಕು. ಆಗಾಗ ಸೀಟಿ ಊದಿ, ಜೋಡಿಯ ಕೈ ಹಿಡಿಸಿ, ತಲೆ ಎಣಿಸಿ, ಹಲಗೆಗೆ ಹೋಲಿಸುತ್ತಾರೆ.

ಎರಡನೇ ಸಲ ಜಾಗ ಹುಡುಕುವಾಗ ನಾನು ಕೇಳಿದ ಪ್ರಶ್ನೆಗಳಿಂದ ಕೆಲವರಿಗೆ ಕಿರಿಕಿರಿಯಾಯಿತು. ಕೋಚ್ ನೀರಿನಲ್ಲಿದ್ದಾಗ ದಡದಲ್ಲಿ ಬೇರೆ ಯಾರು ನಿಲ್ಲುತ್ತಾರೆ, ಅವರಿಗೆ ಬೇರೆ ಕೆಲಸ ಇಲ್ಲವಷ್ಟೆ? ಕಾಯುವ ಮಕ್ಕಳು ನೀರಿನಲ್ಲಿ ಕಾಯುತ್ತಾರೋ ಮೇಲೆ ಕೂತು ಕಾಯುತ್ತಾರೋ? ಕಾಲು ನೆಲಕ್ಕೆ ತಾಗದ ಮಕ್ಕಳಿಗೆ ನಿಲ್ಲಲು ನೀರಿನೊಳಗೆ ಮಣೆ ಇದೆಯೇ? ಒಂದು ಕಡೆ "ಮೇಡಂ, ನಾವು ಹತ್ತು ವರ್ಷದಿಂದ ಕಲಿಸ್ತಿದ್ದೇವೆ" ಎಂಬ ಉತ್ತರ ಬಂತು. ನಮಸ್ಕಾರ ಹೇಳಿ ಬಂದೆ. ಕೊನೆಗೆ ಒಪ್ಪಿದ ಜಾಗದಲ್ಲಿ ಕೋಚ್ ನನ್ನ ಪ್ರಶ್ನೆಗೆ ಮೊದಲೇ ತಾನಾಗಿ ಹೇಳಿದ: ಒಂದು ತಂಡಕ್ಕೆ ಮೂವರು, ಸರದಿ ಇಲ್ಲದವರು ದಡದ ಮೇಲೆ ಪೃಷ್ಠ ಊರಿ ಕೂತಿರಬೇಕು, ಎದ್ದರೆ ಆಟ ಬಂದ್.

ನೀರನ್ನೂ ನೋಡಲು ಕಲಿತೆ. ಕೊಳದ ಅತಿ ಆಳದ ತಳದಲ್ಲಿರುವ ಜಾಲರಿ ದಡದಿಂದ ಸ್ಪಷ್ಟವಾಗಿ ಕಾಣದಿದ್ದರೆ ಅವತ್ತು ಪಾಠ ಇಲ್ಲ. ಇಲ್ಲಿನ ಬಿಸಿಲು ಕ್ಲೋರಿನನ್ನು ಬೇಗ ತಿಂದುಹಾಕುತ್ತದೆ. ಮರಳುಗಾಳಿಯ ಧೂಳು, ಎಲ್ಲರ ಮೈಯ ಸನ್‌ಸ್ಕ್ರೀನ್ ಸೇರಿದರೆ ಸಂಜೆ ಹೊತ್ತಿಗೆ ನೀರು ಅಕ್ಕಿ ತೊಳೆದ ಹಾಗಾಗುತ್ತದೆ. ಅಂಥ ನೀರಿನ ತಳದಲ್ಲಿ ಮಗು ಇದ್ದರೂ ಲೈಫ್‌ಗಾರ್ಡ್‌ಗೆ ಕಾಣದು. ಇಳಿಬಿಸಿಲಿನ ಹೊಳಪೂ ಅಷ್ಟೇ ಮೋಸ. ಪಶ್ಚಿಮಕ್ಕೆ ಮುಖ ಮಾಡಿ ಕೂತರೆ ನೀರಲ್ಲ, ಕನ್ನಡಿ ಕಾಣುತ್ತದೆ. ನಾನು ಈಗ ಬೆಂಚು ಬಿಟ್ಟು ಸೂರ್ಯನಿಗೆ ಬೆನ್ನು ಕೊಡುವ ಮೂಲೆಯಲ್ಲಿ ನಿಲ್ಲುತ್ತೇನೆ.

ಜಾಲರಿಯ ಮಾತು ಬಂತಲ್ಲ, ಅದರ ಮುಚ್ಚಳ ಒಡೆದಿದ್ದರೂ ಇಳಿಯಬಾರದು. ಪಂಪು ನೀರನ್ನು ಎಳೆದುಕೊಳ್ಳುವ ಜಾಗ ಅದು. ಕೂದಲೋ ಮೈಯೋ ಸಿಕ್ಕಿದರೆ ದೊಡ್ಡವರಿಂದಲೂ ಬಿಡಿಸಲಾಗದಷ್ಟು ಸೆಳೆತ ಇರುತ್ತದೆ. ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು 2002ರಲ್ಲಿ ತೀರಿಹೋದದ್ದು ಹಾಗೆ. 2007ರಲ್ಲಿ ಅವಳ ಹೆಸರಿನಲ್ಲೇ ಅಲ್ಲಿ ಕಾನೂನು ಬಂತು. ಮಗಳ ಉದ್ದ ಜಡೆ ಟೊಪ್ಪಿಗೆಯೊಳಗೆ ಸೇರಿದ್ದು ಇದನ್ನು ಓದಿದ ಮೇಲೆ.

ಮಗಳ ಮೊದಲ ಈಜುಡುಗೆ ತಿಳಿನೀಲಿ. ಕೊಳದ ಟೈಲ್ಸೂ ತಿಳಿನೀಲಿ! ನಾನೇ ಬರ್ ದುಬೈಯಲ್ಲಿ ಅರ್ಧ ಗಂಟೆ ಆರಿಸಿ ತಂದದ್ದು. ನೀರಿನಡಿ ತಿಳಿನೀಲಿ, ಬಿಳಿ ಬಣ್ಣ ಕರಗಿಹೋಗುತ್ತವೆ. ಕಣ್ಣು ಕುಕ್ಕುವ ಕಿತ್ತಳೆ, ಗುಲಾಬಿ ಉಳಿಯುತ್ತವೆ. ಈಗಿನದು ಕಿತ್ತಳೆ. "ಟ್ರಾಫಿಕ್ ಕೋನ್ ಥರ ಕಾಣ್ತೇನೆ ಅಮ್ಮಾ" ಎನ್ನುತ್ತಾಳೆ. ಹಾಗೇ ಕಾಣಲಿ.

ತೋಳಿಗೆ ಹಾಕುವ ಗಾಳಿಪಟ್ಟಿಯನ್ನು ನಾನು ರಕ್ಷಣೆ ಎಂದೇ ತಿಳಿದಿದ್ದೆ. ಅದು ಆಟಿಕೆ. ಗಾಳಿ ಸೋರುತ್ತದೆ, ಒದ್ದೆ ತೋಳಿನಿಂದ ಜಾರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಅದು ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತದೆ, ಮುಳುಗುವವರ ಭಂಗಿಯೂ ಅದೇ. ಪಟ್ಟಿ ಇಲ್ಲದ ದಿನವೂ ಮಗು ಅದೇ ಧೈರ್ಯದಲ್ಲಿ ಹಾರುತ್ತದೆ. ಮಾವನ ಜೋಡಿಕಾಯಿ ಎದೆಯಡಿ ಇದ್ದು ಮೈಯನ್ನು ಮಲಗಿಸುತ್ತಿತ್ತು. ಈಜಿನ ಭಂಗಿ ಅದು.

ಉಸಿರು ಹಿಡಿಯುವ ಪಂದ್ಯವನ್ನು ಕೋಚ್‌ಗಳೇ ಕೆಲವೊಮ್ಮೆ ಆಡಿಸುತ್ತಾರೆ. ಬೇಡ ಎಂದು ಹೇಳುವ ಹಕ್ಕು ನಮಗಿದೆ. ಜೋರಾಗಿ ಹತ್ತಾರು ಉಸಿರು ಎಳೆದು ಬಿಟ್ಟು ಮುಳುಗಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದುಹೋಗಿರುತ್ತದೆ. ಉಸಿರಾಡು ಎಂದು ಮೈಯನ್ನು ಎಚ್ಚರಿಸುವುದು ಮುಖ್ಯವಾಗಿ ಅದೇ. ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ತೀರಿ ಪ್ರಜ್ಞೆ ಹೋಗುತ್ತದೆ, ಅದೂ ಸದ್ದಿಲ್ಲದೆ. ಗೆಲ್ಲುತ್ತಿದ್ದಾನೆ ಎಂದು ಗೆಳೆಯರು ಎಣಿಸುತ್ತಲೇ ಇರುತ್ತಾರೆ.

ನೀರಿನ ಹೊರಗಿನ ಒಂದು ಮಾತು. ಬಟ್ಟೆ ಬದಲಿಸುವ ಕೋಣೆಗೆ ಮಗಳ ಜೊತೆ ನಾನೇ ಹೋಗುತ್ತೇನೆ. ಕೋಚ್ ಎಲ್ಲಿ ಕೈ ಕೊಟ್ಟು ಕಲಿಸುತ್ತಾನೆ, ಎಲ್ಲಿ ಕೊಡಬಾರದು ಎಂದು ಅವಳಿಗೆ ಮೊದಲೇ ಹೇಳಿದ್ದೇನೆ, ಅವನೆದುರಲ್ಲೇ. ಒಳ್ಳೆಯ ಕೋಚ್‌ಗೆ ಇದರಿಂದ ಬೇಸರವಾಗಲಿಲ್ಲ. ಈ ದೇಶದಲ್ಲಿ 2016ರಿಂದ ವದೀಮಾ ಕಾನೂನು ಎಂದು ಕರೆಯುವ ಮಕ್ಕಳ ಹಕ್ಕಿನ ಕಾನೂನಿದೆ. ಮಗುವಿನ ಕಡೆಗಿನ ಅಲಕ್ಷ್ಯವೂ ಅದರಲ್ಲಿ ಅಪರಾಧ. ಪಾಠದ ಫೋಟೊ ತೆಗೆದು ಇತರರ ಮಕ್ಕಳ ಸಮೇತ ಸ್ಟೇಟಸ್‌ಗೆ ಹಾಕುವವರು ನೆನಪಿಡಬೇಕಾದದ್ದು, ಒಪ್ಪಿಗೆಯಿಲ್ಲದೆ ಬೇರೆಯವರ ಚಿತ್ರ ತೆಗೆಯುವುದು ಇಲ್ಲಿ ಕಾನೂನಿಗೆ ವಿರುದ್ಧ. ನನ್ನ ಮಟ್ಟಿಗೆ ಇದರ ಲಾಭವೆಂದರೆ ಫೋನ್ ಚೀಲದಲ್ಲೇ ಉಳಿಯುತ್ತದೆ.

ಆದರೂ ತುರ್ತಿಗೆ ಅದು ಕೈಗೆ ಸಿಗಬೇಕು. ಇಲ್ಲಿ ಆಂಬುಲೆನ್ಸ್ 998, ಪೊಲೀಸ್ 999. ಅವರು ಬರುವವರೆಗೆ ಮಾಡಬೇಕಾದದ್ದನ್ನು ಕಲಿಯಲು ನಾನೂ ಯಜಮಾನರೂ ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿಗೆ ಹೋದೆವು. ರಬ್ಬರಿನ ಬೊಂಬೆಯ ಎದೆ ಒತ್ತಿ ಒತ್ತಿ ಕೈ ಸೋತಿತು. ಮುಳುಗಿ ಉಸಿರು ನಿಂತ ಮಗುವಿಗೆ ಮೊದಲು ಬೇಕಾದದ್ದು ಗಾಳಿ: ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲಿಗೆ ಐದು ಉಸಿರು, ಆಮೇಲೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಎದೆ ಒತ್ತುವುದು, ಪ್ರತಿ 30 ಒತ್ತಿಗೆ ಎರಡು ಉಸಿರು. ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮೂರ ಕ್ರಮ; ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಬಹುದು, ಹೊತ್ತಂತೂ ಹಾಳು.

ಹೊತ್ತು ಹಾಳಾಗುವ ಇನ್ನೊಂದು ದಾರಿ ನಮ್ಮ ಮೊಬೈಲಿನಲ್ಲೇ ಓಡಾಡುತ್ತದೆ. ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿಟ್ಟರೆ ಬದುಕುತ್ತಾರೆಂಬ ಸಂದೇಶ ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೆತ್ತವರು ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಹೂತು ಕಾದು ಕೂತರು. ನಗುವ ವಿಷಯವಲ್ಲ ಇದು. ಆ ಹೊತ್ತಿಗೆ ಯಾರು ಏನು ಹೇಳಿದರೂ ನಾನೂ ಮಾಡುತ್ತಿದ್ದೆನೇನೋ. ಅದೇ ಸಂದೇಶ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿತ್ತು, ಕೈಮುಗಿದ ಚಿತ್ರದೊಂದಿಗೆ.

ಮಗಳನ್ನು ಮೇಲೆತ್ತಿದ ದಿನ ಅವಳು ಕೆಮ್ಮುತ್ತಲೇ ಇದ್ದಳು. ಆಸ್ಪತ್ರೆಗೆ ಕರೆದೊಯ್ದೆವು, ಕೆಲವು ಗಂಟೆ ಅಲ್ಲೇ ಇರಿಸಿಕೊಂಡು ನೋಡಿ ಕಳಿಸಿದರು. ನೀರು ಕುಡಿದ ಮಗು ಕೆಮ್ಮು ಬಿಡದಿದ್ದರೆ, ಉಸಿರು ಮೇಲೆ ಕೆಳಗೆ ಆದರೆ, ವಿನಾಕಾರಣ ಮಂಕಾದರೆ ಕಾಯಬಾರದಂತೆ.

ಗಲ್ಫಿನ ಮಕ್ಕಳಿಗೆ ಇನ್ನೊಂದು ಗಂಡಾಂತರ ಇದೆ, ಅದು ಊರಿನಲ್ಲಿ. ಶಾಲೆಯ ದೊಡ್ಡ ರಜೆ ಜುಲೈ, ಆಗಸ್ಟ್; ಕರಾವಳಿಯಲ್ಲಿ ಹೊಳೆ ಕೆಂಪಾಗಿ ಉಕ್ಕುವ ಆಟಿಯ ತಿಂಗಳು. ತಳ ಕಾಣುವ, ಅಲುಗದ ನೀರಿನಲ್ಲಿ 25 ಮೀಟರ್ ಈಜಿ ಸರ್ಟಿಫಿಕೇಟ್ ಪಡೆದ ಹುಡುಗ ಊರಿಗೆ ಹೋಗಿ "ನಂಗೆ ಸ್ವಿಮ್ಮಿಂಗ್ ಬರ್ತದೆ" ಎನ್ನುತ್ತಾನೆ. 2024ರ ನವೆಂಬರಿನಲ್ಲಿ ಉಳ್ಳಾಲದ ಬಳಿಯ ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು, ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ವರು ಶಾಲಾ ಬಾಲಕಿಯರು ತೀರಿಕೊಂಡರು. ಕೊಳ, ಕಡಲು, ಹೊಳೆ ಮೂರೂ ಬೇರೆ ಬೇರೆ ಪಾಠ. ಒಂದು ಬಂದರೆ ಇನ್ನೊಂದು ಬಂತೆಂದಲ್ಲ.

ಹಾಗಾಗಿ ಈ ಸಲ ನಾವು ಮಾರ್ಚ್ ಕೊನೆಯ ಸಣ್ಣ ರಜೆಗೆ ಊರಿಗೆ ಹೋದೆವು. ಹೊಳೆ ಹಸಿರಾಗಿ ತೆಳ್ಳಗಿತ್ತು. ಮಾವನಿಗೆ ಈಗ ಮೊಣಕಾಲು ನೋವು, ನೀರಿಗಿಳಿಯುವುದಿಲ್ಲ, ಅದೇ ಕಲ್ಲಿನ ಮೇಲೆ ಕಾಲು ಚಾಚಿ ಕೂರುತ್ತಾನೆ. ನೀರಿನಲ್ಲಿ ತಮ್ಮ ಇದ್ದ, ಮಕ್ಕಳಿಂದ ಕೈಯಳತೆಯಲ್ಲಿ. ಮಗಳು ಕಿತ್ತಳೆ ಉಡುಗೆಯಲ್ಲಿ ಜೋಡಿಕಾಯಿ ಹಿಡಿದು ತೇಲಿದಳು, "ಇದು ಕಿಕ್‌ಬೋರ್ಡ್‌ಗಿಂತ ಚೆಂದ" ಎಂದಳು. ತಮ್ಮನ ಮಕ್ಕಳು ಮೂವರು, ಇವಳೊಬ್ಬಳು. ನಾನು ಕಳೆದ ವರ್ಷದಿಂದ ಹೆಂಗಸರ ತರಗತಿಗೆ ಹೋಗುತ್ತಿದ್ದೇನೆ, ಇನ್ನೂ ಹದಿನೈದು ಮೀಟರಿಗೆ ಏದುಸಿರು. ಯಾರೂ ನೋಡುತ್ತಿಲ್ಲವೆಂದು ಚೂಡಿದಾರದಲ್ಲೇ ಸೊಂಟದವರೆಗೆ ಇಳಿದಿದ್ದೆ.

ಮಾವ ಬೆರಳು ಮಡಿಸಿ ಕಲ್ಲಿನ ಮೇಲಿನದ್ದನ್ನು ಎಣಿಸಿದ. ನೀರಿನ ಕಡೆ ನೋಡಿ ಇನ್ನೊಮ್ಮೆ ಎಣಿಸಿದ.

"ನಿನ್ ಬೈರಾಸ್ ಎಲ್ಲಿತ್ತ್ ಹೆಣೆ?" ಎಂದ.

ನಾನು ಮೇಲೆ ಬಂದು, ಚೀಲದಿಂದ ತೆಗೆದು, ತಮ್ಮನ ಬೈರಾಸಿನ ಪಕ್ಕದಲ್ಲಿ ಸಾಲಾಗಿ ಇಟ್ಟೆ.